ದಡದ ಮೇಲಿನ ಹರಿಗೋಲು



ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ನಮ್ಮ ದೊಡ್ಡಬಳ್ಳಾಪುರದ ಸೀಮೆಯಲ್ಲಿ ಹಾದುಹೋಗುವಳಾದರೂ ಆಕೆಯನ್ನು ದಾಟಲು ನಮಗೆ ಅಂಬಿಗನು ಬೇಕಿಲ್ಲ. ಆದುದರಿಂದ ಅಂಬಿಗನ ಕಾಯಕವು ನಮಗೆ ಬರಿಯ ಪುಸ್ತಕದ ಮಾತಾಗಿದೆ. ಅದನ್ನು ಕಣ್ಣಾರೆ ಕಾಣಬಯಸುವವರು ಹಂಪೆಯ ಬಳಿ ತುಂಗಭದ್ರೆಯ ದಡದಲ್ಲಿ ನಿಲ್ಲಬೇಕು.

ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಗೆ ಜನರು ಹೊಳೆ ದಾಟುತ್ತಿದ್ದ ಬಗೆಯನ್ನು ಬರೆದಿಟ್ಟಿದ್ದಾನೆ. ಬುಟ್ಟಿಯಂತಹ ದುಂಡು ದೋಣಿ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. 15-20 ಮಂದಿಯನ್ನು ಹೊತ್ತು ಸುತ್ತಿ ಸುತ್ತಿ ಸಾಗುವುದು. ಹೊಳೆ ಶಾಂತವಾಗಿರುವ ದಿನಗಳಲ್ಲಿ ಇಂದಿಗೂ ಅಲ್ಲಿ ಹರಿಗೋಲು ತೇಲುತ್ತದೆ. ಈಗ ಹೆಣಿಗೆಯು ಬಿದಿರಿನದು. ತೊಗಲಿಗೆ ಬದಲಾಗಿ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಆಕಾರವೂ ಹುಟ್ಟು ಹಾಕುವ ಕೈಯ ಹದವೂ ಮಾತ್ರ ಹಾಗೆಯೇ ಇವೆ.

1986ರಲ್ಲಿ ಹಂಪೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿಯ ಕಲ್ಲುಗುಡಿಗಳಿಗೆ ಸರ್ಕಾರದ ಕಾವಲುಂಟು. ಹರಿಗೋಲನ್ನು ಕಾಯ್ದವರಾರು? ಪಾಯೆಸನು ಕಂಡ ದೋಣಿ ಎಂದೋ ಮಣ್ಣಾಯಿತು. ಹಳೆಯದು ಸವೆದಂತೆ ಹೊಸದನ್ನು ಹೆಣೆದವರೂ, ದಿನವೂ ನೀರಿಗಿಳಿಸಿದವರೂ ಅದನ್ನು ಉಳಿಸಿದರು. ಬಳಕೆಯೇ ಅದರ ವಸ್ತುಸಂಗ್ರಹಾಲಯ.

ಇದೇ ಹೊಳೆಯ ಮೇಲ್ಗಡೆ, ರಾಣೆಬೆನ್ನೂರು ತಾಲ್ಲೂಕಿನ ಚೌಡದಾನಪುರದೊಡನೆ ನಮ್ಮ ಪರಂಪರೆಯು ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯನವರ ಹೆಸರನ್ನು ಕೂಡಿಸಿದೆ. ಅನೇಕ ಶರಣರು ತಮ್ಮ ಇಷ್ಟದೈವದ ಹೆಸರನ್ನು ವಚನಕ್ಕೆ ಅಂಕಿತವಾಗಿಟ್ಟರು. ಚೌಡಯ್ಯನವರಾದರೋ ಕಾಯಕದೊಡನೆ ಬೆಸೆದ ತಮ್ಮ ಹೆಸರನ್ನೇ ಇಟ್ಟರು. ಜನರನ್ನು ದಡ ಸೇರಿಸುವ ಕೆಲಸದಲ್ಲಿ ಅವರಿಗೆ ಕೀಳೆಂಬುದು ಕಾಣಲಿಲ್ಲ.

ಈಗ ನಮ್ಮ ಮನೆಯೊಳಗೆ ನೋಡಿಕೊಳ್ಳೋಣ. ವಚನದ ಕಟ್ಟಿಗೆ ರೇಷ್ಮೆ ವಸ್ತ್ರ ಹೊದಿಸಿ, ಜಗಲಿಯ ಮೇಲಿಟ್ಟು, ವಿಭೂತಿ ಪತ್ರೆಗಳಿಂದ ಪೂಜಿಸುತ್ತೇವೆ. ಅಂಗಳ ಗುಡಿಸಿದವನು ಬಾಯಾರಿ ನೀರು ಕೇಳಿದರೆ ಬೇರೆ ಲೋಟವನ್ನು ಹುಡುಕುತ್ತೇವೆ. ಹೀಗಿರಲು ನಮ್ಮ ವಚನವು ದಡಕ್ಕೆಳೆದು ಬೋರಲು ಹಾಕಿದ ಹರಿಗೋಲಲ್ಲದೆ ಮತ್ತೇನು? ಅದಕ್ಕೆ ಹೂವೇರಿಸಿದರೆ ಹೊಳೆ ದಾಟಿದಂತಾಗುವುದೆ? ಹರಿಗೋಲು ಹತ್ತುವವನ ಕುಲವನ್ನು ಕೇಳುವುದಿಲ್ಲ. ಅದರಲ್ಲಿ ಕುಳಿತವರೆಲ್ಲರೂ ಒಂದೇ ದುಂಡಿನಲ್ಲಿ ಮೊಳಕಾಲಿಗೆ ಮೊಳಕಾಲು ತಾಗಿಸಿ ಕೂಡಬೇಕು. ಒಬ್ಬನು ದೂರ ಸರಿದರೆ ದೋಣಿಯೇ ವಾಲುವುದು.

ಕಾಲಕ್ಕೆ ತಕ್ಕಂತೆ ಹೊರಗಣ ಹೊದಿಕೆ ಬದಲಾದರೆ ಕೇಡಿಲ್ಲ; ದಾಟಿಸುವ ಗುಣ ಕೆಡಬಾರದು. ಇಂದು ಓದಿದ ಒಂದು ವಚನವನ್ನು ನಾಳೆ ಒಂದು ನಡೆಯಾಗಿ ನೀರಿಗಿಳಿಸಿರಿ. ಆ ಲೋಟದಿಂದಲೇ ಮೊದಲಾಗಲಿ.