ಇಂದಿನ ಚಿಂತನೆ: ‘ನನಗೇ ಯಾಕೆ?’



ದೊಡ್ಡ ಕಾಯಿಲೆ ಬಂದ ಮನೆಯಲ್ಲಿ ಮೊದಲು ಹುಟ್ಟುವ ಪ್ರಶ್ನೆ ‘ನನಗೇ ಯಾಕೆ?’ ಎಂಬುದು. ಸುತ್ತಲಿನ ಸಮಾಜದ ಹತ್ತಿರ ಇದಕ್ಕೆ ಸಿದ್ಧ ಉತ್ತರವಿದೆ: ಹಿಂದಿನ ಜನ್ಮದ ಕರ್ಮ. ನಮ್ಮ ಹಿರಿಯರು ಊರಾಚೆ ಬದುಕಬೇಕಾದದ್ದಕ್ಕೂ ಇದೇ ಉತ್ತರ ಕೊಟ್ಟಿದ್ದರು. ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅದನ್ನು ಒಪ್ಪಲಿಲ್ಲ. ಹಾಗಾದರೆ ರೋಗಿ ಏನೆಂದು ಕೇಳಬೇಕು?

ಅಮೆರಿಕದ ಡೇವಿಡ್ ಫೇಗೆನ್‌ಬಾಮ್ ಅವರ ಬದುಕನ್ನು ನೋಡೋಣ. 2010ರಲ್ಲಿ ಅವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿ, ವಯಸ್ಸು 25. ಕ್ಯಾಸಲ್‌ಮನ್ ಎಂಬ ಅಪರೂಪದ ಕಾಯಿಲೆ ಬಂತು. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಲಿವರ್, ಕಿಡ್ನಿಗಳ ಮೇಲೆ ತಿರುಗಿಬಿತ್ತು. ಪಾದ್ರಿ ಬಂದು ಅಂತಿಮ ಪ್ರಾರ್ಥನೆ ಮಾಡಿದರು. ಮೂರೂವರೆ ವರ್ಷದಲ್ಲಿ ಐದು ಸಲ ಸಾವಿನ ಬಾಗಿಲಿಗೆ ಹೋಗಿ ಬಂದರು. ಆ ಕಾಯಿಲೆಗೆಂದೇ ಪ್ರಯೋಗದಲ್ಲಿದ್ದ ಔಷಧಿ ಅವರಿಗೆ ಹಿಡಿಯಲಿಲ್ಲ.

ಎಲ್ಲೋ ಯಾರೋ ಮದ್ದು ಕಂಡುಹಿಡಿಯುತ್ತಾರೆಂದು ಕಾಯುವುದನ್ನು ಅವರು ಬಿಟ್ಟರು. 2012ರಲ್ಲಿ ಹಲವು ದೇಶಗಳ ವೈದ್ಯರನ್ನೂ ರೋಗಿಗಳನ್ನೂ ಒಂದು ಜಾಲಕ್ಕೆ ತಂದರು. ತಮ್ಮದೇ ರಕ್ತದ ಮಾದರಿಗಳನ್ನು ಪರೀಕ್ಷಿಸಿದರು. ಜೀವಕೋಶದೊಳಗಿನ ಎಂಟಾರ್ ಎಂಬ ಸಂಕೇತ ಮಾರ್ಗ ಅತಿಯಾಗಿ ಕೆಲಸ ಮಾಡುತ್ತಿತ್ತು. ಅದನ್ನು ತಡೆಯುವ ಸಿರೋಲಿಮಸ್ ಎಂಬ ಮಾತ್ರೆ ಕಿಡ್ನಿ ಕಸಿ ಮಾಡಿಸಿಕೊಂಡವರಿಗಾಗಿ 1999ರಿಂದಲೇ ಅಂಗಡಿಯಲ್ಲಿತ್ತು. 2014ರಲ್ಲಿ ಅದನ್ನು ತೆಗೆದುಕೊಳ್ಳಲು ಶುರುಮಾಡಿದರು. ಹತ್ತು ವರ್ಷ ಕಳೆದರೂ ರೋಗ ಮರುಕಳಿಸಲಿಲ್ಲ.

ಆ ಮಾತ್ರೆಯ ಹಿಂದೆಯೂ ಎಷ್ಟೊಂದು ಕೈಗಳಿವೆ! ಈಸ್ಟರ್ ದ್ವೀಪದ ಮಣ್ಣಿನ ಒಂದು ಸೂಕ್ಷ್ಮಜೀವಿಯಿಂದ ಅದನ್ನು ಬೇರ್ಪಡಿಸಿದವರಲ್ಲಿ ಪ್ರಮುಖರು ಅವಿಭಜಿತ ಭಾರತದಲ್ಲಿ ಹುಟ್ಟಿದ ವಿಜ್ಞಾನಿ ಸುರೇಂದ್ರನಾಥ ಸೆಹಗಲ್. ಒಂದಿದ್ದರೆ ಇನ್ನೊಂದು ಉಂಟು ಎಂಬ ಪ್ರತೀತ್ಯಸಮುತ್ಪಾದ ಇಲ್ಲಿ ಕಣ್ಣಿಗೇ ಕಾಣುತ್ತದೆ. ಕರ್ಮದ ಉತ್ತರ ರೋಗಿಯನ್ನು ಅಪರಾಧಿ ಮಾಡಿ ಅಲ್ಲಿಗೇ ಮುಗಿಯುತ್ತದೆ. ಕಾರಣ ಹುಡುಕುವ ಉತ್ತರದಲ್ಲಿ ಮುಂದೆ ಮಾಡಬೇಕಾದ ಕೆಲಸ ಇರುತ್ತದೆ.

ಆದರೆ ಇದನ್ನು ಬರೀ ಛಲದ ಕಥೆ ಮಾಡಬಾರದು. ಫೇಗೆನ್‌ಬಾಮ್ ಅವರಿಗೆ ಓದು, ಪ್ರಯೋಗಾಲಯ, ಗೆಳೆಯರು ಇದ್ದರು. ನಮ್ಮ ಕೇರಿಯ ಕೂಲಿ ತಾಯಿಗೆ ಇಂಥ ಕಾಯಿಲೆ ಬಂದರೆ, ‘ಮನಸ್ಸು ಗಟ್ಟಿ ಮಾಡಿಕೋ’ ಎಂದರೆ ಸಾಕೇ? ಅದೇ ಮಾತ್ರೆ ಆ ಕಾಯಿಲೆಯ ಎಲ್ಲರಿಗೂ ಹಿಡಿಯುವುದೂ ಇಲ್ಲ.

ವಿನಯಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಅತಿಸಾರದಿಂದ ನರಳುತ್ತಿದ್ದ ಭಿಕ್ಖುವೊಬ್ಬ ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಭಗವಾನರು ಅವನ ಕರ್ಮವನ್ನು ಲೆಕ್ಕಹಾಕಲಿಲ್ಲ. ನಿನ್ನ ಕಾಯಿಲೆ ಏನು, ನಿನ್ನನ್ನು ನೋಡಿಕೊಳ್ಳುವವರು ಇದ್ದಾರೆಯೇ ಎಂದು ಕೇಳಿದರು. ಆನಂದನೊಂದಿಗೆ ತಾವೇ ಅವನ ಮೈ ತೊಳೆದರು. ಆಮೇಲೆ, ರೋಗಿಯ ಆರೈಕೆಯನ್ನು ಇಡೀ ಸಂಘದ ಹೊಣೆಯಾಗಿಸಿದರು.

ಕಾಯಿಲೆ ಏನೆಂದು ತಿಳಿಯಲು ಪ್ರಜ್ಞೆ ಬೇಕು. ನೋಡಿಕೊಳ್ಳಲು ಕರುಣೆ ಬೇಕು. ತಾನು ಗುಣವಾದ ಮೇಲೂ ಫೇಗೆನ್‌ಬಾಮ್ ಎರಡನ್ನೂ ಬಿಡಲಿಲ್ಲ. ಈಗಿರುವ ಔಷಧಿಗಳಲ್ಲೇ ಬೇರೆ ಕಾಯಿಲೆಗಳಿಗೆ ಮದ್ದು ಹುಡುಕುವ ಸಂಸ್ಥೆಯನ್ನು 2022ರಲ್ಲಿ ಗೆಳೆಯರೊಂದಿಗೆ ಕಟ್ಟಿದರು.

ನಮ್ಮಿಂದಲೂ ಆಗುವುದಿದೆ. ವೈದ್ಯರ ಚೀಟಿ ಓದಿ ಹೇಳುವುದು, ಆಸ್ಪತ್ರೆಯ ಸಾಲಿನಲ್ಲಿ ಜೊತೆಗೆ ನಿಲ್ಲುವುದು, ಒಂದು ರಾತ್ರಿ ಪಕ್ಕದಲ್ಲಿ ಕೂರುವುದು. ಈ ವಾರ ನಿಮ್ಮ ಓಣಿಯಲ್ಲಿ ಮಲಗಿರುವ ಒಬ್ಬರ ಬಳಿ ಹೋಗಿ, ಭಗವಾನರು ಕೇಳಿದ ಆ ಎರಡು ಪ್ರಶ್ನೆಗಳನ್ನು ಕೇಳಿ.

ಭವತು ಸಬ್ಬ ಮಂಗಲಂ.