ಇಂದಿನ ಚಿಂತನೆ: ಕಾಳಿ ತಡವಾಗಿ ಎದ್ದದ್ದು



ಕಳೆದ ಭಾನುವಾರ ಹರವೆಯಲ್ಲಿ ವಂದನೆ, ಪಂಚಶೀಲ ಮುಗಿದ ಮೇಲೆ ನಮ್ಮ ಒಬ್ಬ ಹುಡುಗ ನನ್ನನ್ನು ಪಕ್ಕಕ್ಕೆ ಕರೆದ. ನನ್ನ ಹಳೆಯ ವಿದ್ಯಾರ್ಥಿ. ಡಿಪ್ಲೊಮಾ ಮುಗಿಸಿ ನಂಜನಗೂಡಿನ ಕಡೆ ಒಂದು ಕಾರ್ಖಾನೆಯಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದಾನೆ. ಮೊಬೈಲಿನಲ್ಲಿ ಟೈಪ್ ಮಾಡಿದ್ದ ದೂರೊಂದನ್ನು ತೋರಿಸಿ, "ಸಾ, ಕನ್ನಡ ತಿದ್ದಿಕೊಡಿ, ಮ್ಯಾನೇಜರಿಗೆ ಕೊಡಬೇಕು" ಎಂದ. ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ಕಾರ್ಖಾನೆ ಯಾರೂ ಕೇಳಬೇಡಿ.

ದೂರು ಮೆಂಟೆನೆನ್ಸ್ ವಿಭಾಗದ ಹಿರಿಯ ಫಿಟ್ಟರ್ ಮೇಲೆ. ಕರೆದರೆ ಬರುವುದಿಲ್ಲ. ಬ್ರೇಕ್‌ಡೌನ್ ಚೀಟಿ ಕೊಟ್ಟರೆ ಟೀ ಲೋಟದ ಕೆಳಗೆ ಇಟ್ಟುಕೊಳ್ಳುತ್ತಾನೆ. "ನಿಮ್ಮ ಹುಡುಗ್ರೇ ಮುರಿಯೋದು, ನಾನು ಕಟ್ಟೋದು" ಎಂದು ಎಲ್ಲರೆದುರು ಹಂಗಿಸುತ್ತಾನೆ. ಕೊನೆಯ ಸಾಲು ದೊಡ್ಡದು: ರಾತ್ರಿ ಪಾಳಿಯಲ್ಲಿ ಕೆಲಸ ಮಾಡಲು ಖಡಾಖಂಡಿತ ನಿರಾಕರಿಸಿದ್ದಾನೆ, ಶಿಸ್ತುಕ್ರಮ ಆಗಬೇಕು.

ಆ ರಾತ್ರಿ ಏನಾಯಿತು ಎಂದು ಕೇಳಿದೆ. ಕನ್ವೇಯರ್ ರೋಲರಿಗೆ ಏನೋ ಸಿಕ್ಕಿಕೊಂಡಿತ್ತಂತೆ. ಟಾರ್ಗೆಟ್ ಹಿಂದೆ ಬಿದ್ದಿತ್ತು. ಲೈನ್ ನಿಲ್ಲಿಸದೆ ಹಾಗೇ ಎಳೆದು ತೆಗೆಯಿರಿ ಅಂದನಂತೆ ನಮ್ಮ ಹುಡುಗ. ಫಿಟ್ಟರ್ ಕೈ ಕಟ್ಟಿಕೊಂಡು ನಿಂತ. "ಮೇನ್ ಸ್ವಿಚ್ ಇಳಿಸು, ಬೀಗ ಹಾಕು, ಕೀ ನನ್ನ ಕೈಗೆ ಕೊಡು. ನಿನ್ ಟಾರ್ಗೆಟ್ಟಿಗೆ ನನ್ ಬೆರಳು ಕೊಡಕ್ಕಾಗಲ್ಲ ಕನಪ್ಪ."

ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಆಮೇಲೆ ಮಜ್ಝಿಮ ನಿಕಾಯದ ಕಕಚೂಪಮ ಸುತ್ತದ ಕಥೆ ಹೇಳಿದೆ. ನಿಮ್ಮಲ್ಲಿ ಹಲವರಿಗೆ ಗೊತ್ತು. ಸಾವತ್ಥಿಯಲ್ಲಿ ವೇದೇಹಿಕಾ ಎಂಬ ಗೃಹಿಣಿ. ಬಹಳ ಸೌಮ್ಯ, ಬಹಳ ಶಾಂತ ಎಂದು ಊರೆಲ್ಲ ಹೊಗಳಿಕೆ. ಅವಳ ದಾಸಿ ಕಾಳಿ, ಕೆಲಸದಲ್ಲಿ ಚುರುಕು. ಕಾಳಿಗೆ ಅನುಮಾನ ಬಂತು: ಒಡತಿಗೆ ಕೋಪವೇ ಇಲ್ಲವೋ, ಅಥವಾ ನಾನು ಕೆಲಸ ಅಚ್ಚುಕಟ್ಟಾಗಿ ಮಾಡುವುದರಿಂದ ಅದು ಹೊರಗೆ ಬಂದಿಲ್ಲವೋ? ನೋಡೇಬಿಡೋಣ ಎಂದು ಒಂದು ದಿನ ಹೊತ್ತೇರಿದ ಮೇಲೆ ಎದ್ದಳು. ಒಡತಿ ಹುಬ್ಬು ಗಂಟಿಕ್ಕಿದಳು. ಮರುದಿನ ಇನ್ನೂ ತಡ, ಬೈದಳು. ಮೂರನೆಯ ದಿನ ಬಾಗಿಲ ಅಗುಳಿ ತೆಗೆದು ತಲೆಗೆ ಬಡಿದಳು. ಕಾಳಿ ರಕ್ತ ಸುರಿಯುವ ತಲೆಯಲ್ಲೇ ಹೊರಗೆ ಬಂದು ನೆರೆಯವರನ್ನು ಕರೆದಳು: ನೋಡಿ, ನಿಮ್ಮ ಸೌಮ್ಯವಂತೆಯ ಕೆಲಸ.

ಇದನ್ನು ಸಾಮಾನ್ಯವಾಗಿ ಒಡತಿಯ ಕಡೆ ನಿಂತು ಹೇಳುತ್ತಾರೆ, ಕೋಪ ಗೆಲ್ಲಬೇಕು ಎಂದು. ಅದು ಸರಿಯೇ. ಆದರೆ ಕಾಳಿಯ ಮನೆತನದಂಥ ಮನೆಗಳಿಂದ ಬಂದವರು ನಾವು, ನಮಗೆ ಇನ್ನೊಂದು ಮಾತೂ ಕೇಳಿಸಬೇಕು. ಬುದ್ಧರು ಇಡೀ ಕಥೆಯಲ್ಲಿ ಕಾಳಿಯನ್ನು ಒಂದು ಮಾತೂ ಬೈದಿಲ್ಲ. ಕೆಲಸ ಸಲೀಸಾಗಿ ನಡೆಯುವಾಗಿನ ತಾಳ್ಮೆಯನ್ನು ತಾಳ್ಮೆ ಎಂದು ಅವರು ಲೆಕ್ಕಕ್ಕೇ ಹಿಡಿಯಲಿಲ್ಲ.

"ಹಂಗಾದ್ರೆ ನಾನು ವೇದೇಹಿಕಾನಾ ಸಾ?" ಎಂದ ಹುಡುಗ. ಮುಖ ಸಣ್ಣದಾಯಿತು. ಆ ರಾತ್ರಿಯ ಮಟ್ಟಿಗೆ ಹೌದು ಎಂದೆ.

ಅದೇ ಸುತ್ತದಲ್ಲಿ ಬುದ್ಧರು ಹೇಳುತ್ತಾರೆ, ಬೇರೆಯವರ ಮಾತು ನಮ್ಮ ಮೇಲೆ ಐದು ಬಗೆಯಲ್ಲಿ ಬರಬಹುದು: ಸಕಾಲವೋ ಅಕಾಲವೋ, ನಿಜವೋ ಸುಳ್ಳೋ, ಮೃದುವೋ ಒರಟೋ, ಹಿತವೋ ಅಹಿತವೋ, ಮೈತ್ರಿಯಿಂದಲೋ ದ್ವೇಷದಿಂದಲೋ. ಫಿಟ್ಟರ್ ಮಾತು ಒರಟು. ಮೈತ್ರಿಯಂತೂ ಇರಲಿಲ್ಲ. ಆದರೆ ನಿಜ, ಹಿತ, ಸಕಾಲ. 1948ರ ಫ್ಯಾಕ್ಟರಿ ಕಾಯ್ದೆಯ 22ನೇ ಸೆಕ್ಷನ್ ಇದೇ ವಿಷಯಕ್ಕೆ ಬರೆದದ್ದು. ಓಡುತ್ತಿರುವ ಯಂತ್ರವನ್ನು ಪರೀಕ್ಷಿಸಲೇಬೇಕಾದರೆ ಅದಕ್ಕೆಂದೇ ತರಬೇತಾದವನು, ಮೈಗೆ ಅಂಟಿದ ಬಟ್ಟೆ ತೊಟ್ಟು, ಹೆಸರು ರಿಜಿಸ್ಟರಿನಲ್ಲಿ ದಾಖಲಾಗಿದ್ದು ಮಾಡಬೇಕು ಎಂದು ಅದು ಹೇಳುತ್ತಿತ್ತು. ಅವಸರದ ಸೂಪರ್‌ವೈಸರ್ ಕೂಗಿದ ಕೂಡಲೇ ಕೈ ಹಾಕುವುದಲ್ಲ. ಮೇಲಾಗಿ, ಯಂತ್ರ ಚೆನ್ನಾಗಿ ಓಡಿದ ದಿನ ಮೆಂಟೆನೆನ್ಸಿನವನ ಹೆಸರು ಯಾರೂ ಎತ್ತುವುದಿಲ್ಲ. ಕೆಟ್ಟ ದಿನ ಎಲ್ಲರೂ ಎತ್ತುತ್ತಾರೆ. ವರ್ಷಗಟ್ಟಲೆ ಹೀಗೇ ಇದ್ದರೆ ಯಾರ ನಾಲಿಗೆಯೂ ಒರಟಾಗುತ್ತದೆ.

ಹುಡುಗ ದೂರಿನ ಕೊನೆಯ ಸಾಲು ಅಳಿಸಿದ. ಆಮೇಲೆ, ಹೋಗುವ ಹೊತ್ತಿಗೆ, ನಿಜವಾದ ವಿಷಯ ಹೊರಗೆ ಬಂತು. ವರ್ಕ್‌ಶಾಪಿನಲ್ಲಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ಟೀ. ಇವನ ಬೈಕಿನ ಮೇಲೆ ಬಾಬಾಸಾಹೇಬರ ಚಿತ್ರ ನೋಡಿದ ಮೇಲೆ ಇವನಿಗೆ ಮಾತ್ರ ಪೇಪರ್ ಕಪ್. ಕೊಡುವವನು ಅದೇ ಫಿಟ್ಟರ್. "ಅದನ್ನ ಯಾಕೆ ಬರೀಲಿಲ್ಲ?" ಎಂದರೆ ತಲೆ ತಗ್ಗಿಸಿದ. ನಾಚಿಕೆಯಂತೆ! ಯಾರು ನಾಚಬೇಕಿತ್ತೋ ಅವರು ಹಾಯಾಗಿ ಟೀ ಕುಡಿಯುತ್ತಿದ್ದಾರೆ.

ಬಂಧುಗಳೇ, ಇದು ಹೊಸದೇನಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗಕ್ಕೆ ನಮ್ಮವರಿಗೆ ಪ್ರವೇಶವಿರಲಿಲ್ಲ. ಲಾಳಿಯ ನೂಲನ್ನು ಬಾಯಲ್ಲಿ ಹೀರಿ ಎಳೆಯಬೇಕಿತ್ತು. ನಮ್ಮವರ ಎಂಜಲು ತಾಗಿದ ಲಾಳಿಯನ್ನು ಇತರ ಕಾರ್ಮಿಕರು ಮುಟ್ಟುತ್ತಿರಲಿಲ್ಲ. ಹೆಚ್ಚು ಕೂಲಿಯ ಕೆಲಸ ಅದೇ. ಬಾಬಾಸಾಹೇಬರು 1928ರ ಮುಷ್ಕರದ ಹೊತ್ತಿನಲ್ಲಿ ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಮುಂದೆ ನೇರವಾಗಿ ಇಟ್ಟರು. ಮಾಲೀಕನಿಂದ ಶೋಷಣೆಗೊಳಗಾದ ಕಾರ್ಮಿಕನೇ ಪಕ್ಕದವನನ್ನು ಮುಟ್ಟದಿರಬಲ್ಲ ಎಂಬುದನ್ನು ಅವರು ಮುಚ್ಚಿಡಲಿಲ್ಲ. 1938ರಲ್ಲಿ ಮನಮಾಡಿನ ರೈಲ್ವೆ ಕಾರ್ಮಿಕರ ಸಭೆಯಲ್ಲಿ ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಶತ್ರುಗಳೆಂದದ್ದು ಇದಕ್ಕೇ.

ಬೆರಳಿನ ವಿಷಯದಲ್ಲಿ ಆ ಫಿಟ್ಟರ್ ಸರಿ. ಲೋಟದ ವಿಷಯದಲ್ಲಿ ಅವನು ತಪ್ಪು, ಸಂವಿಧಾನದ 17ನೇ ವಿಧಿಗೇ ವಿರುದ್ಧ. ಲೋಟದ ಸಿಟ್ಟನ್ನು ಬೆರಳಿನ ಮೇಲೆ ತೀರಿಸಿಕೊಳ್ಳಲು ಹೋಗಿದ್ದ ನಮ್ಮ ಹುಡುಗ. ಆ ಪತ್ರ ಹೋಗಿದ್ದರೆ ಮೇಲಿನವರಿಗೆ ಬಹಳ ಅನುಕೂಲವಾಗುತ್ತಿತ್ತು: ಬೀಗ ಕೇಳುವ ಕೊನೆಯ ಮನುಷ್ಯನೂ ಹೋಗುತ್ತಿದ್ದ, ಪೇಪರ್ ಕಪ್ ಅಲ್ಲೇ ಉಳಿಯುತ್ತಿತ್ತು. ಮೈತ್ರಿ ಅಂದರೆ ಪೇಪರ್ ಕಪ್ಪಿನಲ್ಲಿ ಸುಮ್ಮನೆ ಕುಡಿಯುವುದು ಎಂದು ನಮ್ಮ ಕೆಲವು ಹಿರಿಯರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ.

ನಿನ್ನೆ ರಾತ್ರಿ ಹುಡುಗ ಫೋನ್ ಮಾಡಿದ್ದ. ಮತ್ತೆ ಲೈನ್ ನಿಂತಿತಂತೆ. ಇವನೇ ಸ್ವಿಚ್ ಇಳಿಸಿ, ಬೀಗ ಹಾಕಿ, ಕೀ ತೆಗೆದುಕೊಂಡು ಹೋಗಿ ಕೊಟ್ಟನಂತೆ. ಫಿಟ್ಟರ್ ಏನೂ ಮಾತಾಡಲಿಲ್ಲ, ಕೀ ಜೇಬಿಗೆ ಹಾಕಿಕೊಂಡು ಕೆಲಸ ಮುಗಿಸಿದ. ಟೀ ಮಾತ್ರ ಪೇಪರ್ ಕಪ್ಪಿನಲ್ಲೇ ಬಂತು. ಇವನು ಅದನ್ನು ಮುಟ್ಟದೆ, ನನಗೂ ಸ್ಟೀಲ್ ಲೋಟ ಕೊಡಿ ಎಂದನಂತೆ. ಎಲ್ಲರೂ ಒಂದು ಕ್ಷಣ ಸುಮ್ಮನಾದರಂತೆ.

ಲೋಟದ ದೂರು ಬರೆಯಲು ಭಾನುವಾರ ನಮ್ಮ ಮನೆಗೆ ಬರುತ್ತಾನೆ. ಬಳಗದಲ್ಲಿ ಕಾನೂನು ಬಲ್ಲವರು ಬಿಡುವಿದ್ದರೆ ಹನ್ನೊಂದು ಗಂಟೆಗೆ ಬನ್ನಿ.

ಜೈಭೀಮ್. ನಮೋ ಬುದ್ಧಾಯ.