ಹೊಂದಾಣಿಕೆ ಯಾರ ಪಾಲಿನದು?

‘ಹೊಂದಾಣಿಕೆ’ ಎಂಬ ಮಾತು ಕಿವಿಗೆ ಬೀಳದೆ ನಮ್ಮಲ್ಲಿ ಹೆಣ್ಣುಮಗಳೊಬ್ಬಳ ಮದುವೆ ನಡೆಯುವುದುಂಟೆ? ಯಂತ್ರಗಳ ಲೋಕದಲ್ಲೂ ಈ ಮಾತಿದೆ. ಅರ್ಥ ಮಾತ್ರ ಬೇರೆ.

ಅಮೆರಿಕದ ಅನೇಕ ಮೋಟಾರ್ ದೋಣಿಗಳಲ್ಲಿ ಎಂಜಿನ್ ಒಳಗಿರುತ್ತದೆ; ಪ್ರೊಪೆಲರ್ ತಿರುಗಿಸುವ ಭಾಗ ಹಿಂಬದಿಯ ಹಲಗೆಯಾಚೆ ನೀರಿನಲ್ಲಿರುತ್ತದೆ. ಅದೇ ಸ್ಟರ್ನ್‌ಡ್ರೈವ್. ಮರ್‌ಕ್ರೂಸರ್ ಕಂಪನಿಯ ಹಳೆಯ ಆಲ್ಫಾ ಒನ್ ಡ್ರೈವ್‌ಗಳು ಹೊರನೋಟಕ್ಕೆ ಅವಳಿ ಮಕ್ಕಳಂತೆ. ಆದರೆ ನಾಲ್ಕು ಸಿಲಿಂಡರಿನ ಎಂಜಿನ್ನಿಗೆ ಕೂಡಿಸಿದ್ದರ ಗೇರ್ ಅನುಪಾತ 1.98, ಎಂಟು ಸಿಲಿಂಡರಿನದಕ್ಕೆ 1.50. ಪ್ರೊಪೆಲರ್ ಒಂದು ಸುತ್ತು ಬರಲು ಎಂಜಿನ್ ಅಷ್ಟು ಸುತ್ತು ತಿರುಗಬೇಕು. ಅದಲುಬದಲಾದರೆ ಎಂಜಿನ್ ಒಂದೋ ಬಳಲುತ್ತದೆ, ಇಲ್ಲವೇ ಮಿತಿಮೀರಿ ಓಡುತ್ತದೆ. ಹೆಚ್ಚು ಬಲದ ಬ್ರಾವೊ ಡ್ರೈವ್ ಬೇಕೆಂದರೆ, ಹಲಗೆಗೆ ಅದನ್ನು ಹಿಡಿಸುವ ಜೋಡಣೆಯನ್ನೇ ಬದಲಿಸಬೇಕು.

ಆದ್ದರಿಂದ ಬಲ್ಲ ಮೆಕ್ಯಾನಿಕ್ ಕೊಳ್ಳುವ ಮೊದಲೇ ಎರಡೂ ಕಡೆಯ ಸಂಖ್ಯೆಗಳನ್ನು ನೋಡುತ್ತಾನೆ. ಹೊಸ ಗೇರಿನ ಹಲ್ಲನ್ನು ಉಜ್ಜಿ ಸವೆಸಿ ‘ನೀನೇ ಹೊಂದಿಕೋ’ ಎನ್ನುವುದಿಲ್ಲ. ಸವೆದ ಹಲ್ಲು ನಾಳೆ ಮುರಿಯುತ್ತದೆಂದು ಅವನಿಗೆ ಗೊತ್ತು.

ಮನುಷ್ಯರು ಯಂತ್ರಗಳಲ್ಲ, ನಿಜ. ನಾವು ಬಾಗಬಲ್ಲೆವು, ಅದು ನಮ್ಮ ಹೆಚ್ಚುಗಾರಿಕೆ. ಆದರೆ ಬಾಗುವ ಶಕ್ತಿಯಿದೆಯೆಂದು ಒಬ್ಬಳನ್ನೇ ಬಾಗಿಸುವುದು ನ್ಯಾಯವೆ? ಮನೆಗೆ ಹೊಸಬಳನ್ನು ಕರೆತರುವಾಗ, ಅವಳನ್ನು ಹಿಡಿದಿಡಬೇಕಾದ ಹಳೆಯ ಹಲಗೆಯನ್ನೂ ಒಮ್ಮೆ ನೋಡಿಕೊಳ್ಳೋಣ.